ಈಚಲ ಬನದಲ್ಲೊಂದು ಉಷ್ಣಚಿಕಿತ್ಸೆ

ನಮ್ಮ ಕಡೆ ಉಷ್ಣ ಎಂಬುದೊಂದು ಕಾಯಿಲೆಯಿದೆ. ಇದರಷ್ಟು ಉಪಕಾರಿಯಾದ ಕಾಯಿಲೆಯನ್ನು ನಾನು ಬೇರೆ ಕಂಡಿಲ್ಲ. ಕಣ್ಣು ಉರಿದರೆ ಉಷ್ಣ, ತಲೆ ಸುತ್ತಿದರೆ ಉಷ್ಣ, ಕೂದಲು ಉದುರಿದರೆ ಉಷ್ಣ, ಹೆಂಡತಿಯ ಮೇಲೆ ರೇಗಿದರೆ ಅದೂ ಉಷ್ಣ. ಅವಳು ತಿರುಗಿ ರೇಗಿದರೆ ಮಾತ್ರ ಅದಕ್ಕೆ ಬೇರೆ ಹೆಸರು. ಜ್ವರ ಬಂದವನು ಮಲಗಬೇಕು, ಕೆಮ್ಮು ಬಂದವನು ಕೆಮ್ಮಬೇಕು. ಉಷ್ಣವಾದವನು ಏನನ್ನೂ ಮಾಡಬೇಕಾದ್ದಿಲ್ಲ, ‘ಉಷ್ಣ’ ಎಂದು ನಿಟ್ಟುಸಿರು ಬಿಟ್ಟರೆ ಸಾಕು, ಮನೆಯವರೆಲ್ಲ ಮಜ್ಜಿಗೆ ಹಿಡಿದು ನಿಲ್ಲುತ್ತಾರೆ. ಇಂಥ ಗೌರವಸ್ಥ ಕಾಯಿಲೆ ನನಗೆ ಬಹಳ ತಡವಾಗಿ ಪ್ರಾಪ್ತವಾಯಿತು.

ನಾನು ಹುಟ್ಟಿದ್ದು ಹೊನ್ನಾಳಿಯಲ್ಲಿ, ತುಂಗಭದ್ರೆಯ ದಡದಲ್ಲಿ. ಮೊದಲ ಕೆಲಸ ನ್ಯಾಮತಿಯಲ್ಲಿ, ಹೆಣ್ಣು ತಂದದ್ದು ಚನ್ನಗಿರಿಯಿಂದ. ಈ ಮೂರೂ ಊರುಗಳಲ್ಲಿ ನನ್ನ ದೇಹಪ್ರಕೃತಿ ಸರ್ಕಾರಿ ಕಡತದಂತೆ ತಣ್ಣಗಿತ್ತು. ಎರಡನೆಯ ಯುದ್ಧದ ನಡುವೆ ಯಾವ ಪಾಪಕ್ಕೋ ಜಗಳೂರಿನ ಮಿಡ್ಲ್ ಸ್ಕೂಲಿಗೆ ವರ್ಗವಾಯಿತು ನೋಡಿ, ಉಷ್ಣ ನನ್ನನ್ನು ಬಸ್ ಸ್ಟ್ಯಾಂಡಿನಲ್ಲೇ ಎದುರುಗೊಂಡಿತು. ಅಲ್ಲಿಯ ಬಿಸಿಲು ಎಂಥದೆಂದರೆ, ಬೋರ್ಡಿನ ಮೇಲೆ ನಾನು ಲೆಕ್ಕ ಬರೆದು ಮುಗಿಸುವ ಮೊದಲೇ ನನ್ನ ತಲೆಯೊಳಗಿನ ಉತ್ತರ ಒಣಗುತ್ತಿತ್ತು.

ನನ್ನನ್ನು ಉಪಚರಿಸಿದವರು ಹಾಲಪ್ಪ ಪಂಡಿತರು. ಆಯುರ್ವೇದದಲ್ಲಿ ಅವರಿಗೆ ಅಪಾರ ಪಾಂಡಿತ್ಯ. ಅದು ಅವರಿಗೇ ಗೊತ್ತಿದ್ದುದರಿಂದ ಬೇರೆಯವರು ಹೇಳಬೇಕಾಗುತ್ತಿರಲಿಲ್ಲ. ಊರಿನ ಪಾನನಿರೋಧ ಸಂಘಕ್ಕೆ ಅವರೇ ಅಧ್ಯಕ್ಷರು, ನಾನೇ ಕಾರ್ಯದರ್ಶಿ. ಮೂರನೆಯ ಸದಸ್ಯನನ್ನು ಇನ್ನೂ ಹುಡುಕುತ್ತಿದ್ದೆವು. ಮೆರವಣಿಗೆಯಲ್ಲಿ ಮಕ್ಕಳು ಹಾಡಲೆಂದು ನಾನು ‘ಹೆಂಡ ಹೆಂಡ ಬೇಡಪ್ಪ, ಹೆಂಡಿರು ಮಕ್ಕಳ ನೋಡಪ್ಪ’ ಎಂಬೊಂದು ಪದ್ಯವನ್ನೂ ಕಟ್ಟಿದ್ದೆ. ಅದರ ಕಾವ್ಯಗುಣದ ಬಗ್ಗೆ ನೀವು ಏನನ್ನೂ ಹೇಳಬೇಡಿ, ನನಗೂ ಗೊತ್ತು.

ಮಜ್ಜಿಗೆ, ಎಳನೀರು, ಕಾಮಕಸ್ತೂರಿ ಬೀಜ ಎಲ್ಲ ಸೋತ ಮೇಲೆ ಪಂಡಿತರು ಒಂದು ದಿನ ದನಿ ತಗ್ಗಿಸಿ ನೀರಾ ಎಂದರು. ಈಚಲ ಮರದಿಂದ ರಾತ್ರಿಯೆಲ್ಲ ತೊಟ್ಟಿಕ್ಕಿದ ರಸವನ್ನು, ಸುಣ್ಣ ಬಳಿದ ಮಡಕೆಯಲ್ಲಿ ಹಿಡಿದು, ಸೂರ್ಯೋದಯಕ್ಕೆ ಮುಂಚೆ ಕುಡಿದರೆ ಅದು ನೀರಾ, ಅಮೃತಸಮಾನ. ಸುಣ್ಣವಿಲ್ಲದೆ ಹಿಡಿದು ಬಿಸಿಲೇರಲು ಬಿಟ್ಟರೆ ಅದೇ ಹೆಂಡ, ನಮ್ಮ ಸಂಘದ ಶತ್ರು. ಅಮೃತಕ್ಕೂ ಶತ್ರುವಿಗೂ ನಡುವೆ ಇಷ್ಟು ಸಣ್ಣ ಅಂತರವಿದೆಯೆಂದು ನಾನು ಪದ್ಯ ಕಟ್ಟುವಾಗ ತಿಳಿದಿರಲಿಲ್ಲ.

ರಸ್ತೆ ಬದಿಯ ಗುತ್ತಿಗೆ ಅಂಗಡಿಯ ಕಡೆ ನಾವು ಮುಖ ಹಾಕುವಂತಿರಲಿಲ್ಲ. ಅಲ್ಲಿ ಹತ್ತೂರಿನ ಮಡಕೆಗಳ ಹೆಂಡ ಒಂದೇ ಪೀಪಾಯಿಗೆ ಬಿದ್ದು ಜಾತಿಗೆಟ್ಟು ಕೂತಿರುತ್ತದೆ ಎಂಬುದು ಪಂಡಿತರ ಆಕ್ಷೇಪ. ಇದು ಅವರಿಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಬಿಳಿಚೋಡಿನ ಆಚೆ, ಹಳ್ಳದ ಗುಂಟ, ಹೆಂಡ ಇಳಿಸುವ ಕೆಲವು ಮನೆತನಗಳಿದ್ದವು. ಬಹುಪಾಲು ಗುತ್ತಿಗೆದಾರನಿಗೆ ಹೋದರೂ ಮನೆಬಳಕೆಗೆಂದು ಒಂದಿಷ್ಟು ಮರಗಳ ರಸವನ್ನು ಅವರು ತಮ್ಮದೇ ರೀತಿಯಲ್ಲಿ ಇಳಿಸಿ, ತಮ್ಮದೇ ರೀತಿಯಲ್ಲಿ ಹದ ಮಾಡಿ, ಬಂದ ನೆಂಟರಿಗೆ ಕೊಡುತ್ತಿದ್ದರು. ಅಂಥ ಮನೆಗಳಿಗೆ ಒಂದು ಭಾನುವಾರ ಹೋಗುವುದೆಂದು ಸಂಘದ ಸಭೆ ಸರ್ವಾನುಮತದಿಂದ ತೀರ್ಮಾನಿಸಿತು. ಹೆಂಡತಿಗೆ ‘ಔಷಧಿಗೆ ಹೋಗಿ ಬರುತ್ತೇನೆ’ ಎಂದೆ. ಅವಳು ಜೋಳದ ರೊಟ್ಟಿಯ ಬುತ್ತಿ ಕಟ್ಟಿ, ‘ಪಥ್ಯ ಕೆಡಿಸಿಕೊಳ್ಳಬೇಡಿ’ ಎಂದಳು.

ಹಿಂದಿನ ಸಂಜೆಯೇ ಇದ್ದಿಲ ಬಸ್ಸು ಹತ್ತಿದೆವು. ಪೆಟ್ರೋಲು ಸಿಗದ ಆ ದಿನಗಳಲ್ಲಿ ಬಸ್ಸಿನ ಬೆನ್ನಿಗೆ ಒಂದು ಒಲೆಯನ್ನು ಕಟ್ಟಿ, ಇದ್ದಿಲು ಉರಿಸಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎಂಬುದು ಮರ್ಯಾದೆಯ ಮಾತು. ಏರು ಬಂದಾಗಲೆಲ್ಲ ನಾವೇ ಇಳಿದು ನೂಕುತ್ತಿದ್ದೆವು. ಬಿಳಿಚೋಡಿನಲ್ಲಿ ಇಳಿದಾಗ ಅಧ್ಯಕ್ಷರ ಮುಖವೂ ಕಾರ್ಯದರ್ಶಿಯ ಮುಖವೂ ಒಂದೇ ಬಣ್ಣವಾಗಿದ್ದು, ಗುರುತು ಸಿಗುವ ಭಯ ತಾನಾಗಿಯೇ ನಿವಾರಣೆಯಾಗಿತ್ತು. ಪಂಡಿತರ ನೆಂಟರ ಮನೆಯಲ್ಲಿ ಮಲಗಿ, ನಸುಕಿನಲ್ಲೇ ಎದ್ದು ಹಳ್ಳದ ದಾರಿ ಹಿಡಿದೆವು. ದಾರಿಯಲ್ಲಿ ಪಂಡಿತರು ನನಗೆ ಒಂದೇ ಒಂದು ಎಚ್ಚರಿಕೆ ಕೊಟ್ಟರು: ಒಂದು ಮನೆಯಲ್ಲಿ ಕುಡಿದದ್ದರ ಮಾತನ್ನು ಇನ್ನೊಂದು ಮನೆಯಲ್ಲಿ ಎತ್ತಬಾರದು, ಹೊಗಳಬಾರದು, ಹಳಿಯಬಾರದು, ಹೋಲಿಸಲಂತೂ ಕೂಡದು, ಇದು ಬನದ ಶಿಷ್ಟಾಚಾರ. ದಿನವಿಡೀ ಮಕ್ಕಳಿಗೆ ಅಂಕ ಹಾಕಿ ಬದುಕುವ ಮನುಷ್ಯನಿಗೆ ಇದೆಷ್ಟು ಕಠಿಣವಾದ ವ್ರತವೆಂದು ಅವರಿಗೆ ತಿಳಿಯದು.

ಮೊದಲನೆಯದು ಓಬಣ್ಣನ ಬನ. ಓಬಣ್ಣನೆಂದರೆ ಆರಡಿ ಎತ್ತರದ, ಎದೆಯ ಮೇಲೆ ಮರದ ತೊಗಟೆಯ ಗೀರುಗಳಿದ್ದ, ಮಾತಿಗೆ ಮುಂಚೆ ಮೀಸೆಯನ್ನು ಮುಟ್ಟಿಕೊಳ್ಳುವ ಮನುಷ್ಯ. ಅವನ ಮಗ ಸಿದ್ದ ಸೊಂಟಕ್ಕೆ ಪಟ್ಟಿ ಬಿಗಿದು ಮರದ ತುದಿಯಲ್ಲಿದ್ದ. ಓಬಣ್ಣನ ಹೆಂಡತಿ ಸಣ್ಣಮ್ಮ ಮುತ್ತುಗದೆಲೆಯ ದೊನ್ನೆಗಳನ್ನು ಕೈಗಿತ್ತಳು. ಆಗ ನನಗೊಂದು ಧರ್ಮಸಂಕಟ ಬಂತು. ಕೊರಳಲ್ಲಿ ಲಿಂಗವಿದೆ, ಲಿಂಗಯ್ಯನಿಗೆ ಅರ್ಪಿಸದೆ ಏನನ್ನೂ ಬಾಯಿಗೆ ಹಾಕುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಅರ್ಪಿಸೋಣವೆಂದರೆ ಏನನ್ನು ಅರ್ಪಿಸುತ್ತಿದ್ದೇನೆಂದು ಅವನಿಗೆ ತಿಳಿದುಬಿಡುತ್ತದೆ. ಪಂಡಿತರು ಕ್ಷಣವೂ ಯೋಚಿಸದೆ ‘ಔಷಧಕ್ಕೆ ಅರ್ಪಣೆಯಿಲ್ಲ’ ಎಂದು ತೀರ್ಪಿತ್ತು ತಮ್ಮ ದೊನ್ನೆಯನ್ನು ಬರಿದುಮಾಡಿದರು. ನಾನೂ ಅಂಗಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡು ಕುಡಿದೆ. ನೀರಾ ಸಿಹಿಯಾಗಿ, ತಣ್ಣಗೆ, ಎಳೆಮಗುವಿನಷ್ಟು ನಿರಪರಾಧಿಯಾಗಿತ್ತು.

ಔಷಧ ಅಲ್ಲಿಗೆ ಮುಗಿಯಿತು. ಹಿಂತಿರುಗಬಹುದಿತ್ತು. ಆದರೆ ಓಬಣ್ಣ ನಮ್ಮನ್ನು ಗುಡಿಸಲಿನೊಳಗೆ ಕರೆದು ಮೂಲೆಯಲ್ಲಿ ನೆಲಕ್ಕೆ ಅರ್ಧ ಹೂತಿದ್ದ ಒಂದು ದೊಡ್ಡ ಗುಡಾಣವನ್ನು ತೋರಿಸಿದ. ಅದನ್ನು ತಳದವರೆಗೆ ಎಂದೂ ತೊಳೆಯುವುದಿಲ್ಲವಂತೆ. ನಿನ್ನೆಯ ಮಡ್ಡಿ ತಳದಲ್ಲಿರಬೇಕು, ಇವತ್ತಿನ ರಸವನ್ನು ಅದರ ಮೇಲೆ ಸುರಿಯಬೇಕು. ಹಾಲಿಗೆ ಹೆಪ್ಪು ಹೇಗೋ ಹಾಗೆ. ಅವನ ಅಪ್ಪ, ಅಪ್ಪನ ಅಪ್ಪ ಕಾಪಾಡಿಕೊಂಡು ಬಂದ ಮಡ್ಡಿ ಅದು, ಆ ಮನೆಯ ರುಚಿಯೆಲ್ಲ ಅದರಲ್ಲೇ ಇರುವುದು. ಗಂಡುಮಕ್ಕಳು ಬೇರೆಯಾದರೆ ಪಾಲು ಕೊಡುತ್ತಾರೆ, ಹೊರಗಿನವರಿಗಿಲ್ಲ.

‘ಹೆಣ್ಣು ಕೊಡ್ತೀವ್ರಿ ಮೇಷ್ಟ್ರೇ, ಮಡ್ಡಿ ಕೊಡಾಂಗಿಲ್ಲ’ ಎಂದ ಓಬಣ್ಣ. ‘ನಮ್ಮಪ್ಪ ಸತ್ತಾಗ ನನ್ ತಂಗಿ ತಿಪ್ಪಕ್ಕ ಕೇಳಿದ್ಳು. ನಾನು ಸುತರಾಂ ಒಲ್ಲೆ ಅಂದೆ. ಅವತ್ತಿಂದ ಆಕಿ ಮನ್ಯಾಗೆ ನಾನು ಒಂದು ಹನಿ ಮುಟ್ಟಿಲ್ಲ.’

ನೋಡುವುದಕ್ಕೆಂದು ಒಳಗೆ ಹೋದವರು ಮೂಸಿದೆವು. ಮೂಸಿದವರು, ಬರಿಯ ಜ್ಞಾನಾರ್ಜನೆಗಾಗಿ, ನಾಲಿಗೆಗೆ ತಾಕಿಸಿದೆವು. ಸೂರ್ಯ ಹುಟ್ಟಿದ್ದನಾದರೂ ಗುಡಿಸಲಿನೊಳಗೆ ಇನ್ನೂ ಹುಟ್ಟಿಲ್ಲ ಎಂದು ಪಂಡಿತರು ಶಾಸ್ತ್ರಾಧಾರ ಕೊಟ್ಟರು. ಹುಳಿ, ಸಿಹಿ, ಒಂದಿಷ್ಟು ಖಾರ, ನುಂಗಿದ ಮೇಲೆ ಕಟ್ಟಕಡೆಗೆ ಹುರಿದ ಜೋಳದ ಘಮ. ಆ ಘಮವನ್ನು ಮತ್ತೆ ಖಚಿತಪಡಿಸಿಕೊಳ್ಳಲು ಇನ್ನೊಂದು ದೊನ್ನೆ ಬೇಕಾಯಿತು.

ಅಂದು ಮಧ್ಯಾಹ್ನವೇ ಓಬಣ್ಣ ಆ ತಂಗಿಯ ಮನೆಗೆ ಹೊರಡುವವನಿದ್ದ. ಸಿದ್ದ ಆ ತಿಪ್ಪಕ್ಕನ ಮಗಳು ನಾಗಿಯನ್ನೇ ಮದುವೆಯಾಗುವೆನೆಂದು ಹಟ ಹಿಡಿದು, ತೋರಿಸಿದ ಬೇರೆ ಹೆಣ್ಣುಗಳನ್ನೆಲ್ಲ ಬಿಟ್ಟಿದ್ದನಂತೆ. ಸೋದರತ್ತೆಯ ಮಗಳು, ವರಸೆಗೆ ಸರಿ. ಆದರೆ ಅವರಲ್ಲಿ ಒಂದು ಕಟ್ಟಳೆ: ಗಂಡಿನ ತಂದೆ ಹೆಣ್ಣಿನ ಮನೆಗೆ ಹೋಗಬೇಕು, ಆ ಮನೆಯ ಹೆಂಡವನ್ನು ಹುಡುಗಿಯೇ ಸುರಿಯಬೇಕು, ಅವನು ಕುಡಿದು ಎರಡನೆಯ ಸಲ ದೊನ್ನೆ ಒಡ್ಡಿದರೆ ಮದುವೆ ಗೊತ್ತಾದಂತೆ, ದೊನ್ನೆಯನ್ನು ನೆಲಕ್ಕಿಟ್ಟರೆ ಮುರಿದಂತೆ. ಸೊಸೆಯಾದವಳು ನಾಳೆ ಗುಡಾಣದ ಯಜಮಾನಿಯಾಗುವವಳಲ್ಲವೇ? ‘ಹೆಂಡ ತೆಳ್ಳಗಿದ್ರೆ ತಂಗಿ ಅಂತ ನೋಡಾಂಗಿಲ್ಲ, ದೊನ್ನೆ ಕೆಳಗೆ ಇಡಾದೇ’ ಎಂದು ಓಬಣ್ಣ ಮೀಸೆ ಮುಟ್ಟಿಕೊಂಡ. ಬಾಗಿಲಾಚೆ ಮರದ ಮೇಲಿದ್ದ ಸಿದ್ದ ಇದನ್ನು ಕೇಳಿಸಿಕೊಂಡು ಕೆಳಗಿಳಿಯುವುದನ್ನೇ ಮರೆತ. ಸಣ್ಣಮ್ಮ ದೊನ್ನೆಗಳನ್ನು ಎತ್ತಿಕೊಂಡು ಹೊರಗೆ ಹೋದಳು.

ಎರಡನೆಯ ಬನದಲ್ಲಿ ಒಬ್ಬಳು ಹಣ್ಣುಹಣ್ಣು ಮುದುಕಿ ಹುರಿದ ಶೇಂಗಾ ಕೊಟ್ಟು, ತನ್ನ ಮಡಕೆಯಿಂದ ಸುರಿಯುತ್ತ, ಮೊಮ್ಮಗಳು ಶಾಲೆಯಿಂದ ಕಲಿತು ಬಂದ ಪದವೆಂದು ‘ಹೆಂಡ ಹೆಂಡ ಬೇಡಪ್ಪ’ವನ್ನು ಪೂರ್ತಿ ಹಾಡಿದಳು. ಕಟ್ಟಿದವನು ನಾನೇ ಎಂದು ಪಂಡಿತರು ಬಾಯಿಬಿಟ್ಟರು. ಮುದುಕಿ ಹಿಗ್ಗಿಹೋಗಿ, ‘ಪದ ಭಾಳ ಚಲೋ ಐತೆ ಸ್ವಾಮೀ, ಕುಡಿಯಾಕೆ ಕುಂತಾಗ ಹಾಡಾಕೆ ಹೇಳಿ ಮಾಡಿಸಿದಂಗೈತೆ’ ಎಂದು ನನ್ನ ದೊನ್ನೆಯನ್ನು ಅಂಚಿನವರೆಗೂ ತುಂಬಿದಳು. ಕವಿಗೆ ಇಂಥ ಸಹೃದಯರು ಸಿಗುವುದು ಅಪರೂಪ. ನಾನು ಆಕೆಗೆ ಹೊಸದಾಗಿ ಇನ್ನೊಂದು ನುಡಿಯನ್ನು ಅಲ್ಲೇ ಕಟ್ಟಿಕೊಟ್ಟೆ. ಏನೆಂಬುದು ಈಗ ನೆನಪಿಲ್ಲ, ಪಾನನಿರೋಧಕ್ಕೆ ಅನುಕೂಲವಾಗಿರಲಿಲ್ಲ ಎಂಬುದಷ್ಟು ನೆನಪಿದೆ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ತಿಪ್ಪಕ್ಕನ ಅಂಗಳಕ್ಕೆ ಬಂದೆವು. ನೆಲ ಸಾರಿಸಿ ರಂಗೋಲಿ ಹಾಕಿತ್ತು. ಗಂಡ ಗುತ್ತಿಗೆದಾರನ ಮಡಕೆಗಳನ್ನು ಹೊತ್ತು ಅಂಗಡಿಗೆ ಹೋಗಿದ್ದ. ತಿಪ್ಪಕ್ಕ ಅಣ್ಣನಷ್ಟೇ ಎತ್ತರ, ಮೀಸೆಯೊಂದು ಇಲ್ಲ. ಮಗಳು ನಾಗಿ ಹೊಸ ಸೀರೆಯುಟ್ಟು ಬಾಗಿಲ ಹಿಂದೆ ನಿಂತಿದ್ದಳು. ನೆಂಟರು ಬರುವ ಹೊತ್ತೆಂದು ಹೊರಟುಬಿಡಬೇಕಾದವರು ನಾವು. ಆದರೆ ಬಂದವರನ್ನು ಬರಿಬಾಯಲ್ಲಿ ಕಳಿಸುವುದು ಅಲ್ಲಿ ಅಪಚಾರ. ತಿಪ್ಪಕ್ಕ ಸುರಿದಳು, ನಾನು ಕುಡಿದೆ. ಹುಳಿ, ಸಿಹಿ, ಒಂದಿಷ್ಟು ಖಾರ, ಕಟ್ಟಕಡೆಗೆ ಹುರಿದ ಜೋಳದ ಘಮ.

ಅಷ್ಟು ಹೊತ್ತಿಗೆ ನನ್ನೊಳಗಿನ ಉಪಾಧ್ಯಾಯ ಸಂಪೂರ್ಣ ಜಾಗೃತನಾಗಿದ್ದ. ಪಕ್ಕದ ಹುಡುಗನ ಸ್ಲೇಟು ನೋಡಿ ಬರೆದ ಉತ್ತರವನ್ನು ಹಿಡಿದ ಹುರುಪಿನಲ್ಲಿ, ‘ಅರೆ! ಇದು ಓಬಣ್ಣನ ಮನೆಯದೇ ಅಲ್ಲವೇ? ಅದೇ, ಅದೇ, ಒಂದಿಷ್ಟೂ ವ್ಯತ್ಯಾಸವಿಲ್ಲ!’ ಎಂದು ಘೋಷಿಸಿದೆ. ಪಂಡಿತರು ನನ್ನ ತೊಡೆಯನ್ನು ಚಿವುಟಿದರು. ಚಿವುಟು ಬಾಯಿಗಿಂತ ಹಿಂದೆ ಬಿತ್ತು.

ತಿಪ್ಪಕ್ಕ ಮಡಕೆಯನ್ನು ಕೆಳಗಿಟ್ಟಳು. ‘ನಿಮ್ಮ ಕಾಲಿಗೆ ಬೀಳ್ತೀನಿ ಮೇಷ್ಟ್ರೇ, ಈ ಮಾತು ಮತ್ತೊಮ್ಮೆ ಆಡಬ್ಯಾಡ್ರಿ’ ಎಂದಳು. ಆಮೇಲೆ ಕೂತು ಹೇಳಿದಳು. ಅಪ್ಪನ ತಿಥಿ ಮುಗಿಸಿ ಅಳುತ್ತ ಹೊರಟವಳ ಮಡಿಲಿಗೆ ಅತ್ತಿಗೆ ಸಣ್ಣಮ್ಮ ಅಕ್ಕಿ ಬೆಲ್ಲ ತುಂಬಿದ್ದಳಂತೆ. ಮನೆಗೆ ಬಂದು ಬಿಚ್ಚಿ ನೋಡಿದರೆ ಅಕ್ಕಿಯ ನಡುವೆ ಮಡ್ಡಿಯಲ್ಲಿ ಅದ್ದಿದ ಒಂದು ಬಟ್ಟೆ. ಆ ಬಟ್ಟೆಯನ್ನು ಹೊಸ ಗುಡಾಣದ ತಳಕ್ಕೆ ಹಿಂಡಿದ್ದೇ ಈ ಮನೆಯ ಹೆಂಡ ಅಪ್ಪನ ಮನೆಯದಾಯಿತು. ಅಣ್ಣ ಕುಡಿದರೆ ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಮನೆಯ ಮಡ್ಡಿ ಹೊರಗೆ ಕೊಟ್ಟವಳನ್ನು ಅವನು ಮನೆಯಲ್ಲಿಟ್ಟುಕೊಳ್ಳುವನೇ? ‘ಅದಕ್ಕೇ ಸ್ವಾಮೀ, ಇಷ್ಟು ವರ್ಷ ಸಿಟ್ಟು ಮಾಡಿದಾಕಿ ಹಂಗೆ ಇದ್ದೆ. ಕುಡಿ ಅಣ್ಣಾ ಅಂತ ಒಂದಿನ ಅನ್ನಲಿಲ್ಲ.’

ಸಂಕಟ ಹೇಗಿತ್ತು ನೋಡಿ. ಒಳ್ಳೆಯ ಹೆಂಡ ಸುರಿದರೆ ಅತ್ತಿಗೆಯ ಸಂಸಾರ ಕೆಡುತ್ತದೆ. ನೀರು ಬೆರೆಸಿ ಕೆಡಿಸಿ ಸುರಿದರೆ ಮಗಳ ಮದುವೆ ಮುರಿಯುತ್ತದೆ. ನನ್ನ ಅಮಲು ಅರ್ಧ ಇಳಿದುಹೋಯಿತು. ನಾನು ಹಾಡು ಕಟ್ಟಿ ಮಕ್ಕಳ ಕೈಲಿ ಹಾಡಿಸಿದ ಹೆಂಡದೊಳಗೆ ಇಂಥ ಮರ್ಯಾದೆ, ಇಂಥ ಭಯ, ಇಂಥ ಅಂತಃಕರಣ ಇರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು.

ಪಂಡಿತರು ಮಾತ್ರ ಧೃತಿಗೆಡದೆ ಚೀಲ ಬಿಚ್ಚಿದರು. ರುಚಿ ಗುರುತು ಸಿಗಬಾರದು, ಆದರೆ ಹೆಂಡ ತೆಳ್ಳಗೂ ಆಗಬಾರದು. ಇದಕ್ಕೆ ಆಯುರ್ವೇದದಲ್ಲಿ ಪರಿಹಾರವಿದೆ ಎಂದು ಒಂದು ಸಣ್ಣ ಮಡಕೆಗೆ ಶುಂಠಿಪುಡಿ, ಮೆಣಸು, ಕೊನೆಗೆ ಒಂದು ಹಿಡಿ ತ್ರಿಫಲ ಚೂರ್ಣವನ್ನು ಸುರಿದು ಕಲಕಿದರು. ಪರೀಕ್ಷಾರ್ಥ ನನಗೇ ಕುಡಿಸಿದರು. ಉಷ್ಣವಿರಲಿ, ಪ್ರಾಣವೇ ಇಳಿದುಹೋಗುವ ಹಾಗಿತ್ತು. ಬಾಗಿಲ ಹಿಂದಿನಿಂದ ನಾಗಿ ಬಂದು ಒಮ್ಮೆ ಮೂಸಿ ನೋಡಿ, ‘ಯವ್ವಾ, ಇದನ್ನ ಕುಡಿದ್ರೆ ಮಾವ ಮದುವಿ ಮಾತು ಬಿಟ್ಟು ಬೈಲಿಗೆ ಓಡ್ತಾನೆ’ ಎಂದಳು. ಆಗಲೇ ಅಂಗಳದಲ್ಲಿ ಓಬಣ್ಣನ ಕೆಮ್ಮು ಕೇಳಿಸಿತು.

ಅವನು ಬಂದು ಕಂಬಳಿಯ ಮೇಲೆ ಕೂತ. ಹಿಂದೆ ಸಣ್ಣಮ್ಮ, ಅವಳ ಹಿಂದೆ, ಕರೆಯದಿದ್ದರೂ ಬಂದ ಸಿದ್ದ. ತಿಪ್ಪಕ್ಕ ಕಣ್ಣಲ್ಲೇ ಪಂಡಿತರ ಮಡಕೆಯನ್ನು ತೋರಿಸಿದಳು. ನಾಗಿ ಅದನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಿಗೆ ಹೋಗಿ ಅಷ್ಟನ್ನೂ ಬೇಲಿಯ ಕಳ್ಳಿಗೆ ಸುರಿದು ಬಂದು, ಗುಡಾಣದಿಂದಲೇ ತುಂಬಿಕೊಂಡು ಮಾವನ ಮುಂದೆ ಮಂಡಿಯೂರಿದಳು. ಈ ಮನೆಯದ್ದು ಏನಿದೆಯೋ ಅದನ್ನೇ ಸುರಿಯುವೆನೆಂದು ಅವಳ ಮುಖದಲ್ಲಿತ್ತು. ತಡೆಯಲು ಯಾರಿಗೂ ವೇಳೆ ಸಿಗಲಿಲ್ಲ.

ಓಬಣ್ಣ ಒಂದು ಗುಟುಕು ಕುಡಿದ. ನಿಲ್ಲಿಸಿದ. ಇನ್ನೊಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಅವು ಕೆಂಪಗಿದ್ದವು.

‘ಇದು ನಮ್ಮಪ್ಪನ ಮಡ್ಡಿ. ಯಾರು ಕೊಟ್ಟೋರು?’

ತಿಪ್ಪಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಓಬಣ್ಣನ ಕೈ ದೊನ್ನೆಯನ್ನು ನೆಲಕ್ಕಿಡಲು ಇಳಿಯತೊಡಗಿತು. ಆಗ ಸಣ್ಣಮ್ಮ ಮುಂದೆ ಬಂದಳು. ಬೆಳಗಿನಿಂದ ಆಕೆಯ ಬಾಯಿಂದ ಒಂದು ಮಾತೂ ಕೇಳಿರದ ನಮಗೆ ಆ ದನಿ ಹೊಸದು.

‘ನಾನೇ ಕೊಟ್ಟೆ. ಅಪ್ಪನ್ನ ಕಳಕೊಂಡು ಬರಿಗೈಲಿ ಹೊಂಟಿದ್ಳು, ಕರುಳು ತಡೀಲಿಲ್ಲ. ಸಿಟ್ಟು ಆಮ್ಯಾಲೆ ಮಾಡ್ರಿ, ಮೊದ್ಲು ಇದನ್ನ ಕೇಳ್ರಿ. ಹ್ವಾದ ವರ್ಷ ನೀವು ದೇವರಿಗೆ ಅಂತ ಹೋಗಿ ವಾರ ಇದ್ದು ಬಂದ್ರಲ್ಲ, ಆಗ ಟಗರು ಕಿತ್ಕಂಡು ಬಂದು ಗುದ್ದಿ ಗುಡಾಣ ಒಡದು ಚೂರಾಯ್ತು. ನಿಮ್ಮಪ್ಪನ ಮಡ್ಡಿ ನೆಲ ಕುಡೀತು. ಬ್ಯಾರೆ ಗುಡಾಣ ಹೂತು, ಹಳೇದರಂಗೆ ಕಾಣ್ಲಿ ಅಂತ ಬಾಯಿಗೆ ಮಸಿ ಬಳದು ಇಟ್ಟೆ. ನೀವು ಬಂದು ಕುಡಿದು, ನಮ್ಮಪ್ಪನ ಕೈಗುಣ ನೋಡು ಅಂತ ಮೀಸಿ ತಿರುವಿದ್ರಿ. ಆ ಮಡ್ಡಿ ಎಲ್ಲಿಂದ ಬಂತು ಅಂತೀರಿ? ಇದೇ ಮನೆಯಿಂದ. ಇದೇ ನಾಗವ್ವ ರಾತ್ರೋರಾತ್ರಿ ಬಟ್ಟೆ ಅದ್ದಿಕೊಂಡು ಓಡಿ ಬಂದು ಕೊಟ್ಟಿದ್ದು.’

ಕಾವಲಿಟ್ಟ ಗುಡಾಣ ಒಡೆದುಹೋಗಿತ್ತು. ಕದ್ದು ಕೊಟ್ಟದ್ದು ಉಳಿದುಕೊಂಡಿತ್ತು. ಕದಿಯಬಾರದೆಂದು ಮಕ್ಕಳಿಗೆ ನಾನು ಈಗಲೂ ಪಾಠ ಹೇಳುತ್ತೇನೆ, ಆದರೆ ಹೇಳುವಾಗ ಮೊದಲಿನಷ್ಟು ದನಿ ಏರುವುದಿಲ್ಲ. ಓಬಣ್ಣನ ಕೈ ನೆಲಕ್ಕೂ ಮಂಡಿಗೂ ನಡುವೆ ನಿಂತೇಬಿಟ್ಟಿತ್ತು. ಅವನು ಹೆಂಡತಿಯನ್ನು ನೋಡಿದ, ಮುಖ ಮುಚ್ಚಿಕೊಂಡ ತಂಗಿಯನ್ನು ನೋಡಿದ, ಮೀಸೆ ಮುಟ್ಟಿಕೊಳ್ಳಲು ಹೋಗಿ ಅರ್ಧಕ್ಕೆ ಕೈಬಿಟ್ಟ. ಆಮೇಲೆ ದೊನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ನಾಗಿಯ ಮುಂದೆ ಒಡ್ಡಿದ.

‘ಸುರಿಯವ್ವಾ’ ಎಂದ. ಅವಳು ಸುರಿಯುತ್ತಿರುವಾಗ, ತಲೆ ತಗ್ಗಿಸಿಕೊಂಡೇ ಹೇಳಿದ: ‘ನಮ್ಮನಿಗೆ ಬರಾಕಾರೆ ಬರಿಗೈಲೇ ಬಾ ಮಗಳೇ. ನಿಮ್ಮನಿ ಮಡ್ಡಿ ಅಲ್ಲಿ ಆಗ್ಲೇ ಐತೆ.’